ಮುಂದಿನ ಸೀಟು

ಬೆಳಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷ. ಮಸೀದಿಯ ಇಳಿಜಾರು ಮುಗಿದು ಜೀಪು ಮೋರಿಯ ತಿರುವಿಗೆ ಬರುವಾಗ ನಾನು ಕೈಯ ಗಡಿಯಾರ ನೋಡಿದ್ದೆ. ಒಂಬತ್ತೂವರೆಗೆ ಶಾಲೆಯಲ್ಲಿರಬೇಕಿತ್ತು, ಅಷ್ಟೇ ಕಾರಣ. ತಲೆ ಎತ್ತಿದಾಗ ಎದುರಿನ ಗಾಜಿನಲ್ಲಿ, ವೈಪರ್ ಒರೆಸಿದಷ್ಟು ಜಾಗದಲ್ಲಿ, ರಸ್ತೆಯ ಎಡಬದಿಗೆ ಸುಂದರಿಯಕ್ಕನ ನೀಲಿ ಕೊಡೆ ಕಾಣಿಸಿತು. ಪ್ರತಿದಿನವೂ ಅಲ್ಲೇ ಕಾಣಿಸುತ್ತಿತ್ತು. ಪ್ರತಿದಿನವೂ ಆಗ ನಾನು ಒಂದು ಮಾತು ಹೇಳುತ್ತಿದ್ದೆ. ಆ ದಿನ ಹೇಳಲಿಲ್ಲ.

ಇದಾಗಿ ಮೂರು ವರ್ಷ. ನನಗೆ ಈಗ ನಾಯ್ಮಾರ್ಮೂಲೆ ಕಡೆಯ ಶಾಲೆ, ಮನೆಯೂ ಈ ಕಡೆಗೇ. ಕಳೆದ ವಾರ ಪೇಟೆಯಲ್ಲಿ ಮಳೆಗೆ ಸಿಕ್ಕಿ ಆಟೋ ಹತ್ತಿದೆ. ಡ್ರೈವರ್ ಬದಿಯ ರೆಕ್ಸಿನ್ ಪರದೆಯನ್ನು ಬಿಚ್ಚಿ ಇಳಿಸಿದ. ಒದ್ದೆ ರೆಕ್ಸಿನ್ನಿನ ವಾಸನೆ, ಅದರೊಳಗೆ ಸೇರಿಕೊಂಡ ಎಣ್ಣೆಯ ಹೊಗೆ. ನೂರು ಮಾರು ಹೋಗಿರಲಿಲ್ಲ, "ನಿಲ್ಲಿಸಿ, ನಾನು ಇಳೀತೇನೆ" ಎಂದೆ. "ಮಳೆ ಉಂಟಲ್ಲ ಟೀಚರೇ" ಎಂದ. ಇಳಿದು ಮಳೆಯಲ್ಲೇ ನಿಂತೆ. ನನ್ನ ಕಾಲ ಕೆಳಗೆ ನೆಲ ಇದೆಯೆಂದು ನನಗೆ ಗೊತ್ತಾಗಬೇಕಿತ್ತು.

ಆಗ ನಾವು ವರ್ಕಾಡಿಯಲ್ಲಿದ್ದೆವು. ನನ್ನ ಶಾಲೆ ಕೆಳಗೆ, ಹೊಸಂಗಡಿಗೆ ಹೋಗುವ ದಾರಿಯಲ್ಲಿ. ಬಸ್ಸು ಇರಲಿಲ್ಲವೆಂದಲ್ಲ, ಒಂದು ತೀರಾ ಬೇಗ, ಇನ್ನೊಂದು ತೀರಾ ತಡ. ಅವೆರಡರ ನಡುವೆ ಇದ್ದದ್ದು ಅದ್ದುಚ್ಚನ ಜೀಪು. ಹೆಸರು ಅಬ್ದುಲ್ಲ, ಊರಿಗೆಲ್ಲ ಅದ್ದುಚ್ಚ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೊಂದು ಟವೆಲ್, ಚಪ್ಪಲಿಯನ್ನು ಸೀಟಿನಡಿಗೆ ತಳ್ಳಿ ಬರಿಗಾಲಲ್ಲಿ ಓಡಿಸುತ್ತಿದ್ದರು. ಬರಿಗಾಲಿಗೆ ಇಂಜಿನಿನ ನಾಡಿ ಸಿಗುತ್ತದೆ ಎನ್ನುತ್ತಿದ್ದರು. ನಾನು ಮದುವೆಯಾಗಿ ಆ ಊರಿಗೆ ಬಂದಾಗಲೇ ಅವರು ಹಳೆಯ ಡ್ರೈವರ್. ನಾನು ಓಡೋಡಿ ಬರುವುದು ದೂರದಿಂದ ಕಂಡರೆ ಹಾರ್ನ್ ಹಾಕದೆ ಕಾಯುತ್ತಿದ್ದರು. ಹಾರ್ನ್ ಹಾಕಿದರೆ ಟೀಚರಿಗೆ ಅವಸರವಾಗುತ್ತದೆ, ಬೀಳುತ್ತಾರೆ ಎಂದು.

ಅವರ ಕಣ್ಣು ಯಾವಾಗ ಹಾಳಾಗತೊಡಗಿತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಒಂದು ದಿನ ರಸ್ತೆಬದಿಯಲ್ಲಿ ಕೈ ತೋರಿಸುತ್ತಾ ನಿಂತಿದ್ದ ಟೈಲರ್ ಸಂಜೀವಣ್ಣನನ್ನು ಬಿಟ್ಟು ಮುಂದೆ ಹೋದರು. ಸಂಜೀವಣ್ಣ ಬೊಬ್ಬೆ ಹಾಕುತ್ತಾ ಓಡಿಬಂದು ಹತ್ತಿ, "ಎಂತ ಅದ್ದುಚ್ಚ, ನನ್ನ ಮೇಲೆ ಕೋಪವಾ? ನಿಮ್ಮ ಅಂಗಿಯ ಕಾಲರ್ ಸರಿ ಮಾಡಿ ಕೊಡ್ತೇನೆ ಮಾರಾಯ್ರೆ" ಎಂದ. ಎಲ್ಲರೂ ನಕ್ಕೆವು, ಅವರೂ ನಕ್ಕರು. ಇನ್ನೊಂದು ದಿನ ಬದಿಯಲ್ಲಿಟ್ಟಿದ್ದ ಹಾಲಿನ ಕ್ಯಾನ್ ಉರುಳಿತು. ಮತ್ತೊಂದು ದಿನ ಗೇಟಿನ ಕಲ್ಲು ತಾಗಿತು. ಅದರ ನಂತರ ಮುಂದಿನ ಸೀಟಿನಲ್ಲಿ ಕೂರುವವರು ಮಾತಾಡತೊಡಗಿದರು. ಯಾರೂ ಸೇರಿ ತೀರ್ಮಾನ ಮಾಡಿದ್ದಲ್ಲ. ಹೆಚ್ಚಾಗಿ ಕೂರುತ್ತಿದ್ದದ್ದು ನಾನು, ಹಾಗಾಗಿ ಆ ಕೆಲಸ ನನ್ನದಾಯಿತು. ನಾನು ರಜೆ ಹಾಕಿದ ದಿನ ಸಂಜೀವಣ್ಣ.

ಅದನ್ನು ಮಾಡುವ ಕ್ರಮ ಹೀಗೆ: ಎಚ್ಚರಿಕೆ ಕೊಟ್ಟಂತೆ ಹೇಳಬಾರದು, ಹರಟೆಯಂತೆ ಹೇಳಬೇಕು. "ಓ, ಭಟ್ಟರ ದನ ಇವತ್ತೂ ರಸ್ತೆಗೇ ಬಂದಿದೆ." "ಮದ್ರಸದ ಮಕ್ಕಳನ್ನು ಎಷ್ಟು ಬೇಗ ಬಿಟ್ಟಿದ್ದಾರೆ ನೋಡಿ, ಎಡಬದಿ ಪೂರಾ ಅವರೇ." "ಸುಂದರಿಯಕ್ಕನ ನೀಲಿ ಕೊಡೆ ಬಂತು." ಅದ್ದುಚ್ಚ "ಗೊತ್ತುಂಟು, ಗೊತ್ತುಂಟು" ಎನ್ನುತ್ತಾ ಬ್ರೇಕಿನ ಮೇಲೆ ಕಾಲಿಡುತ್ತಿದ್ದರು. ನಾನು ಹೇಳಿದ್ದಕ್ಕಲ್ಲ, ತಾವೇ ನೋಡಿ ನಿಲ್ಲಿಸಿದ ಹಾಗೆ. ಹಿಂದೆ ಕೂತವರೂ ಹಾಗೆಯೇ ಎಣಿಸಿದ ಹಾಗೆ ಇರುತ್ತಿದ್ದರು. ಇಷ್ಟು ನಾಜೂಕಾಗಿ ಒಬ್ಬ ಮನುಷ್ಯನ ಮರ್ಯಾದೆ ಕಾಯುವ ಊರು ಬೇರೆ ಇಲ್ಲವೆಂದು ನನಗೆ ಒಳಗೊಳಗೆ ಹೆಮ್ಮೆಯಿತ್ತು.

ಜೀಪಿನಲ್ಲಿ ನನ್ನ ನಿವೃತ್ತಿಯ ಮಾತು ಆಗಾಗ ಬರುತ್ತಿತ್ತು.

"ಟೀಚರಿಗೆ ಇನ್ನೆಷ್ಟು ವರ್ಷ ಉಂಟು?" ಎಂದು ಅದ್ದುಚ್ಚ ಕೇಳುತ್ತಿದ್ದರು.

"ಐದು."

"ಸರ್ಕಾರ ತಾರೀಕು ಬರೆದು ಕೊಟ್ಟಿದೆ ನಿಮಗೆ. ಒಳ್ಳೇದು. ತಲೆಬಿಸಿ ಇಲ್ಲ."

"ನಿಮಗೆ ಯಾವಾಗ ಅದ್ದುಚ್ಚ?" ಎಂದು ಹಿಂದಿನಿಂದ ಸಂಜೀವಣ್ಣ.

"ನನಗೆ ಜೀಪ್ ಹೇಳ್ಬೇಕು."

"ಜೀಪ್ ಹೇಳಿ ಎರಡು ವರ್ಷ ಆಯ್ತು. ನಿಮಗೆ ಕೇಳಿಲ್ಲ ಅಷ್ಟೆ."

ಮತ್ತೆ ನಗು. ಅಷ್ಟರಲ್ಲಿ ಶಾಲೆ ಬರುತ್ತಿತ್ತು.

ಆ ಜೂನಿನಲ್ಲಿ ಮಳೆ ಬೇಗ ಹಿಡಿಯಿತು. ಶಾಲೆ ಶುರುವಾಗಿ ಎರಡನೆಯ ಭಾನುವಾರ ಅದ್ದುಚ್ಚನ ಮಗಳು ಸಫಿಯ ನಮ್ಮ ಮನೆಗೆ ಬಂದಳು. ಉಪ್ಪಳದಲ್ಲಿ ಗಂಡನ ಮನೆ, ನನ್ನ ಹಳೆಯ ವಿದ್ಯಾರ್ಥಿನಿ. ಚಹಾ ಕುಡಿಯಲಿಲ್ಲ, ನೇರ ಅಪ್ಪನ ಮಾತಿಗೇ ಬಂದಳು.

"ಟೀಚರೇ, ಉಪ್ಪನ ಲೈಸೆನ್ಸ್ ಈ ವರ್ಷ ಮುಗೀತದೆ. ಮತ್ತೆ ಮಾಡಿಸುವುದಾ ಬೇಡವಾ ಅಂತ ಮನೇಲಿ ಮಾತು. ಅವರಲ್ಲಿ ಕೇಳಿದ್ರೆ ಕಣ್ಣು ಹದ್ದಿನ ಹಾಗೆ ಉಂಟು ಅಂತಾರೆ. ಅಣ್ಣಂದಿರು ದುಬಾಯಲ್ಲಿ, ಅವರಿಗೆ ಫೋನಲ್ಲಿ ಉಪ್ಪ ಹೇಳಿದ್ದೇ ಸತ್ಯ. ನೀವು ದಿನಾ ಮುಂದಿನ ಸೀಟಲ್ಲಿ. ನೀವು ಹೇಳಿ. ಬೇಡ ಅಂತ ಹೇಳಿದ್ರೆ ನಾಳೆಯೇ ಬೀಗದ ಕೈ ತೆಗೆದಿಡ್ತೇನೆ."

ಆಗಲೇ ಹೇಳಬಹುದಿತ್ತು. ಮೂರು ಶಬ್ದ ಸಾಕಿತ್ತು, ಅವರಿಗೆ ಬದಿ ಕಾಣುವುದಿಲ್ಲ ಎಂದು. ಆದರೆ ನನ್ನ ಒಂದು ಮಾತಿಗೆ ಅಷ್ಟು ವರ್ಷದ ಮನುಷ್ಯ ಸ್ಟೇರಿಂಗ್ ಬಿಟ್ಟು ಮನೆಯ ಜಗಲಿಯಲ್ಲಿ ಕೂರಬೇಕು. ನನ್ನ ಎಣಿಕೆ ತಪ್ಪಾಗಿದ್ದರೆ? ನಾನು ಹೇಳುವುದರಿಂದ ಅವರಿಗೆ ನೋಡುವ ಅಭ್ಯಾಸವೇ ತಪ್ಪಿರಬಹುದಲ್ಲ? ಇಪ್ಪತ್ತೈದು ವರ್ಷ ಮಕ್ಕಳಿಗೆ ಅಂಕ ಹಾಕಿದವಳು ನಾನು, ಪರೀಕ್ಷೆ ಮಾಡದೆ ಯಾರನ್ನೂ ಫೇಲು ಮಾಡಿದವಳಲ್ಲ.

"ನಾಳೆ ಒಂದು ಸಲ ಸರಿಯಾಗಿ ನೋಡಿ ಹೇಳ್ತೇನೆ ಸಫಿಯಾ" ಎಂದೆ.

ಸೋಮವಾರ. ಮಳೆಗೆ ಬದಿಯ ಪರದೆಗಳನ್ನೆಲ್ಲ ಇಳಿಸಿದ್ದರು. ಒಳಗೆ ಎಂಟು ಜನ. ಮಸೀದಿಯ ತನಕ ನಾನು ಎಂದಿನಂತೆ ಮಾತಾಡಿದೆ. ಮಸೀದಿ ದಾಟಿದ ಮೇಲೆ ಬಾಯಿ ಮುಚ್ಚಿದೆ. ಇಳಿಜಾರಿನಲ್ಲಿ ಯಾರೂ ಇರಲಿಲ್ಲ. ಗಡಿಯಾರ ನೋಡಿದೆ. ತಲೆ ಎತ್ತಿದೆ. ನೀಲಿ ಕೊಡೆ.

ಸುಂದರಿಯಕ್ಕ ಬೀಡಿ ಕಟ್ಟುವವರು. ರಾತ್ರಿ ಕಟ್ಟಿದ ಬೀಡಿಯ ಬುಟ್ಟಿಯನ್ನು ಬೆಳಗ್ಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕಿಟ್ಟುಕೊಂಡು ಬೀಡಿ ಕಂಪನಿಯ ಬ್ರಾಂಚಿಗೆ ಕೊಡಲು ಹೋಗುವರು. ಜೀಪು ಪೂರಾ ನಿಲ್ಲುವ ತನಕ ಅವರು ಎಂದೂ ಕಾದವರಲ್ಲ. ವೇಗ ಕಡಿಮೆಯಾದೊಡನೆ ಕೊಡೆ ಮಡಚಿ, ಹಿಂದಿನ ಕಂಬಿಗೆ ಬಲಗೈ ಹಾಕಿ, ಒಂದು ಕಾಲು ಮೆಟ್ಟಿಲಿಗೆ ಇಟ್ಟುಬಿಡುವರು. ಆ ತಿರುವಿನಲ್ಲಿ ಅದ್ದುಚ್ಚ ಯಾವಾಗಲೂ ಗೇರ್ ಬದಲಿಸಲು ನಿಧಾನ ಮಾಡುತ್ತಾರೆ. ಆ ದಿನವೂ ಮಾಡಿದರು. ಸುಂದರಿಯಕ್ಕ ಕೊಡೆ ಮಡಚಿದ್ದನ್ನು ನಾನು ನೋಡಿದೆ. ಮುಂದೆ ಬಂದದ್ದನ್ನು ನೋಡಿದೆ. ಅದ್ದುಚ್ಚನ ಮುಖ ನೋಡಿದೆ. ಅವರು ನೇರ ಮುಂದೆ ನೋಡುತ್ತಿದ್ದರು, ಶಾಂತವಾಗಿ, ಖಾಲಿ ರಸ್ತೆ ನೋಡುವವರ ಹಾಗೆ. ಆಗ ಹೇಳಬಹುದಿತ್ತು. ಆಗಲೂ ಹೊತ್ತಿತ್ತು. ಈಗ ನಿಲ್ಲಿಸುತ್ತಾರೆ, ಈಗ ನಿಲ್ಲಿಸುತ್ತಾರೆ ಎಂದು ಕಾದೆ. ನಿಲ್ಲಿಸಿದರೆ ಸಫಿಯಳಿಗೆ ಧೈರ್ಯವಾಗಿ ಹೇಳಬಹುದೆಂಬ ಆಸೆಯಿತ್ತು. ನನಗೆ ಅವರು ಪಾಸಾಗಬೇಕಿತ್ತು.

ಜೀಪು ಎರಡನೆಯ ಗೇರಿನಲ್ಲಿ ಮುಂದಕ್ಕೆ ಜಗ್ಗಿತು. ಹಿಂದೆ ಕಿರುಚಾಟ. ಬೇರೆ ಯಾರದ್ದೂ ಅಲ್ಲ, ಸುಂದರಿಯಕ್ಕನದ್ದು. ಕೈ ಕಂಬಿಯ ಸಂದಿಯಲ್ಲಿ ಸಿಕ್ಕಿತ್ತು, ಕಾಲು ಮೆಟ್ಟಿಲಿಗೆ ಸಿಕ್ಕಿರಲಿಲ್ಲ. ಅದ್ದುಚ್ಚ ಬೆಚ್ಚಿಬಿದ್ದು ಬದಿಗೆ ನಿಲ್ಲಿಸಲೆಂದು ಎಡಕ್ಕೆ ತಿರುಗಿಸಿದರು. ಬದಿಯೆಂಬುದು ಅಲ್ಲಿರಲಿಲ್ಲ. ಮೋರಿಯ ಕಟ್ಟೆಯ ಕಲ್ಲು ಹಿಂದಿನ ಮಳೆಗಾಲದಲ್ಲೇ ಬಿದ್ದುಹೋಗಿತ್ತು. ಎಡ ಚಕ್ರ ಗಾಳಿಗೆ ಹೋಯಿತು. ಜೀಪು ವಾಲಿ ನಿಂತಿತು, ಹೊಟ್ಟೆ ಕಲ್ಲಿಗೆ ತಾಗಿದ ಸದ್ದು. ನನ್ನ ಬದಿಯ ಪರದೆಯ ಗುಂಡಿ ಕಿತ್ತು ಹಾರಿತು. ಕೆಳಗೆ ನೋಡಿದರೆ ನನ್ನ ಚಪ್ಪಲಿ, ಚಪ್ಪಲಿಯ ಕೆಳಗೆ ಕೆಂಪು ನೀರು, ಮರದ ಕೊಂಬೆಯೊಂದನ್ನು ಸೆಳೆದುಕೊಂಡು ಮೋರಿಯೊಳಗೆ ನುಗ್ಗುತ್ತಿತ್ತು.

"ಅಲುಗಾಡಬೇಡಿ! ಯಾರೂ ಅಲುಗಾಡಬೇಡಿ!" ಎಂದು ಸಂಜೀವಣ್ಣ. ಒಬ್ಬೊಬ್ಬರೇ ಹಿಂದಿನಿಂದ ಇಳಿದರು. ಹಿಂದಿನ ಭಾರ ಕಡಿಮೆಯಾದಷ್ಟೂ ನನ್ನ ಬದಿ ಕೆಳಗೆ ಹೋಗುತ್ತಿತ್ತು. ಕೊನೆಗೆ ಸಂಜೀವಣ್ಣ ಮತ್ತು ಇನ್ನಿಬ್ಬರು ಹಿಂದಿನ ಮೆಟ್ಟಿಲಿನ ಮೇಲೆ ನಿಂತು ಒತ್ತಿ ಹಿಡಿದರು. ಅದ್ದುಚ್ಚ ಬಲಬದಿಯಿಂದ ಇಳಿಯಬಹುದಿತ್ತು, ಇಳಿಯಲಿಲ್ಲ. ಎರಡೂ ಕೈಯಲ್ಲಿ ನನ್ನ ರಟ್ಟೆ ಹಿಡಿದು ತಮ್ಮ ಬದಿಗೆ ಎಳೆದುಕೊಂಡರು. "ಹೆದರಬೇಡಿ ಟೀಚರೇ, ನಾನು ಇದ್ದೇನೆ" ಎಂದರು.

ಸುಂದರಿಯಕ್ಕ ರಸ್ತೆಯಲ್ಲಿ ಕೂತಿದ್ದರು. ಬಲಗೈಯನ್ನು ಎಡಗೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡಿದ್ದರು. ಸುತ್ತ ಬೀಡಿಯ ಕಟ್ಟುಗಳು ನೆನೆಯುತ್ತಿದ್ದವು. ಅವರು ಆ ಕಟ್ಟುಗಳನ್ನೇ ನೋಡುತ್ತಾ, "ಪೂರಾ ಚಂಡಿ ಆಯ್ತಲ್ಲ" ಎಂದರು.

ಮಣಿಕಟ್ಟು ಮುರಿದಿತ್ತು. ಎರಡು ಬೆರಳಿನ ನರಕ್ಕೆ ಪೆಟ್ಟು. ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದರು.

ಆ ದಿನ ಸಂಜೆಯೊಳಗೆ ನಡೆದದ್ದಕ್ಕೆ ಒಂದು ಕಥೆ ತಯಾರಾಯಿತು. ಮಳೆ ಜೋರಿತ್ತು, ರಸ್ತೆ ಜಾರಿತು. ಅದ್ದುಚ್ಚ ಹೇಳಿದರು: "ನಾನು ಸುಂದರಿಯನ್ನು ನೋಡಿದ್ದೇನೆ, ಬ್ರೇಕ್ ಹಿಡಿಯಲಿಲ್ಲ." ಎಲ್ಲರೂ ಹೌದೆಂದರು. ಠಾಣೆಯಿಂದ ಬಂದವರು ಮುಂದಿನ ಸೀಟಿನಲ್ಲಿದ್ದವಳೆಂದು ನನ್ನನ್ನೇ ಮೊದಲು ಕೇಳಿದರು. "ಗಾಜಿನಲ್ಲಿ ಮಳೆನೀರು. ನನಗೆ ಎಂತದೂ ಕಾಣಲಿಲ್ಲ" ಎಂದೆ. ಮಂಗಳವಾರ ಸಫಿಯ ಫೋನು ಮಾಡಿದಳು. "ಟೀಚರೇ, ನಿಜ ಹೇಳಿ. ಕಣ್ಣಾ, ಬ್ರೇಕಾ?" ನಾನು "ಮಳೆ" ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಆಗ ಕೇಳಿದ್ದರೆ ಅದ್ದುಚ್ಚನನ್ನು ಉಳಿಸಲು ಎನ್ನುತ್ತಿದ್ದೆ. ಅದು ಸುಳ್ಳು. ಅವರಿಗೆ ಕಾಣಲಿಲ್ಲವೆಂದರೆ ಮುಂದಿನ ಪ್ರಶ್ನೆ, ನಿಮಗೆ ಕಂಡಿತ್ತಾ ಎಂಬುದು.

ನಿದ್ದೆ ಕೆಟ್ಟದ್ದು ಅಲ್ಲಿಂದ. ಮಲಗಿದೊಡನೆ ಬರುತ್ತಿತ್ತು, ಮಳೆಯ ಸದ್ದಿಗೆ ಒಡೆಯುತ್ತಿತ್ತು. ಆ ವರ್ಷ ಜುಲೈಯಲ್ಲಿ ಶುರುವಾಗುವ ಆಟಿ ತಿಂಗಳಿಡೀ ಹಂಚಿನ ಮೇಲೆ ಮಳೆ. ಎಚ್ಚರವಾದ ಮೇಲೆ ನಾನು ಕೊಡೆ ಕಂಡ ಕ್ಷಣದಿಂದ ಕಿರುಚಾಟದ ತನಕ ಸೆಕೆಂಡುಗಳನ್ನು ಎಣಿಸುತ್ತಿದ್ದೆ. ಕೆಲವೊಮ್ಮೆ ನಾಲ್ಕು ಬರುತ್ತಿತ್ತು, ಕೆಲವೊಮ್ಮೆ ಆರು. ಆರರಲ್ಲಿ "ಸುಂದರಿಯಕ್ಕನ ನೀಲಿ ಕೊಡೆ ಬಂತು" ಎಂದು ಎರಡು ಸಲ ಹೇಳಬಹುದು. ತರಗತಿಯಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯಲು ಆಗುತ್ತಿರಲಿಲ್ಲ. ಗೊತ್ತಿದ್ದೂ ಹೇಳದೆ ಮಗುವಿನ ಬಾಯಿಯನ್ನು ನೋಡುತ್ತಾ ನಿಲ್ಲುವುದೇ ಅಲ್ಲವೇ ನನ್ನ ಕೆಲಸ. ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಮಕ್ಕಳಿಗೆ ಖುಷಿಯಾಯಿತು. ನನ್ನ ಗಂಡ ವಲೇರಿಯನ್ ಒಂದು ದಿನ ಚಹಾ ಕೊಡುತ್ತಾ, "ಆಗದಿದ್ರೆ ಮೊದಲೇ ರಿಟೈರ್ ಆಗು ಲವೀನಾ, ಸ್ವಯಂ ನಿವೃತ್ತಿ ಅಂತ ಉಂಟಲ್ಲ" ಎಂದ. ಅರ್ಜಿ ಬರೆದೆ ಕೂಡ. ಕಾರಣ ಎಂಬಲ್ಲಿ ಎಂತ ಬರೆಯುವುದೆಂದು ಗೊತ್ತಾಗದೆ ಹರಿದೆ.

ಆಗಸ್ಟ್ ಕಳೆಯುತ್ತಾ, ಸೋಣ ತಿಂಗಳ ಮೊದಲ ಬಿಸಿಲಿಗೆ ಜೀಪು ಗ್ಯಾರೇಜಿನಿಂದ ವಾಪಸು ಬಂತು. ಹೊಸ ಬಣ್ಣ, ಹೊಸ ಪರದೆ. ಸೋಮವಾರ ಬೆಳಗ್ಗೆ ನಿಲ್ದಾಣಕ್ಕೆ ಹೋದಾಗ ಹಿಂದಿನ ಸೀಟುಗಳು ಆಗಲೇ ತುಂಬಿದ್ದವು. ಅದ್ದುಚ್ಚ ಬಿಳಿ ಅಂಗಿಯಲ್ಲಿ ಸ್ಟೇರಿಂಗಿನ ಹಿಂದೆ. ಮುಂದಿನ ಸೀಟು ಖಾಲಿ. ಅದರ ಮೇಲೆ ಟವೆಲ್ ಹಾಸಿದ್ದರು, ಯಾರೂ ಕೂರದ ಹಾಗೆ.

"ಬನ್ನಿ ಟೀಚರೇ. ನಿಮ್ಮ ಸೀಟ್ ನಿಮಗೇ ಇಟ್ಟಿದ್ದೇನೆ."

ನಾನು ರಸ್ತೆಯಲ್ಲೇ ನಿಂತೆ.

"ಎಂತ, ಹೆದರಿಕೆಯಾ? ಬ್ರೇಕ್ ಹೊಸದು ಮಾರಾಯ್ರೆ" ಎಂದ ಸಂಜೀವಣ್ಣ. "ಬೇಕಾದ್ರೆ ನಾನು ಮುಂದೆ ಬರ್ತೇನೆ, ನೀವು ಹಿಂದೆ ಕೂತುಕೊಳ್ಳಿ."

ಅವನು ನಿಜವಾಗಿಯೂ ಇಳಿಯಲು ಹೊರಟ. ಇಷ್ಟೆಲ್ಲ ಆದ ಮೇಲೂ ಅವನಿಗೆ, ಒಳಗಿದ್ದ ಎಲ್ಲರಿಗೂ, ಮುಂದಿನ ಸೀಟಿನಲ್ಲಿ ಒಬ್ಬರಿದ್ದರೆ ಸಾಕಿತ್ತು. ನನಗೆ ಮತ್ತೆ ಆ ಕೆಂಪು ನೀರು ಕಂಡಿತು. ಒಳಗೆ ಈ ಸಲ ಒಂಬತ್ತು ಜನ.

"ನಾನು ಹತ್ತುವುದಿಲ್ಲ ಅದ್ದುಚ್ಚ. ನೀವೂ ಓಡಿಸಬಾರದು. ನಿಮಗೆ ಬದಿ ಕಾಣುವುದಿಲ್ಲ."

ಇಂಜಿನು ಚಾಲೂ ಇತ್ತು.

"ಆ ದಿನ ನನಗೆ ಸುಂದರಿಯಕ್ಕ ಕಂಡಿದ್ದರು. ನಾನು ಬೇಕಂತಲೇ ಹೇಳಲಿಲ್ಲ. ನಿಮಗೆ ಕಾಣ್ತದಾ ಅಂತ ನೋಡಲಿಕ್ಕೆ."

ಅದ್ದುಚ್ಚ ಕೀ ತಿರುಗಿಸಿ ಇಂಜಿನು ನಿಲ್ಲಿಸಿದರು. ಟವೆಲ್ ತೆಗೆದು ಮಡಚಿದರು, ಇನ್ನೊಮ್ಮೆ ಮಡಚಿದರು.

"ಗೊತ್ತುಂಟು" ಎಂದರು. ಈ ಸಲ ಒಂದೇ ಸಲ. "ಮಸೀದಿ ದಾಟಿದ ಮೇಲೆ ನೀವು ಮಾತಾಡಲಿಲ್ಲ. ಎಂತ ಟೀಚರೇ, ಮಾತಿಲ್ಲ ಅಂತ ಕೇಳ್ಬೇಕು ಅಂತ ಬಾಯಿಯ ತನಕ ಬಂತು. ಕೇಳಿದ್ರೆ ಒಪ್ಪಿಕೊಂಡ ಹಾಗಲ್ವಾ? ಕೇಳಲಿಲ್ಲ. ಟೀಚರ್ ಸುಮ್ಮನಿದ್ದಾರೆ ಅಂದ್ರೆ ರಸ್ತೆ ಖಾಲಿ ಅಂತ ಓಡಿಸಿದೆ."

ಹಿಂದಿನ ಸೀಟಿನ ಹೆಂಗಸೊಬ್ಬಳು ಮೆಲ್ಲನೆ ತನ್ನ ಚೀಲ ತೆಗೆದುಕೊಂಡು ಇಳಿದಳು. ಅವಳ ಹಿಂದೆ ಉಳಿದವರು. ಅದ್ದುಚ್ಚ ಇಳಿದು ಚಪ್ಪಲಿ ಹಾಕಿಕೊಂಡರು.

"ಸಂಜೀವ, ಜೀಪನ್ನು ಬದಿಗೆ ಹಾಕು."

"ನನಗೆ ಹೊಲಿಗೆ ಮೆಷಿನ್ ಮಾತ್ರ ಬರುವುದು ಅದ್ದುಚ್ಚ."

ನಾವೇ ದೂಡಿದೆವು. ಒಂಬತ್ತು ಜನ, ಬ್ಯಾಗು ಕೊಡೆಗಳ ಸಮೇತ. ಸಂಜೀವಣ್ಣ ಸ್ಟೇರಿಂಗ್ ಹಿಡಿದು ನಡೆಯುತ್ತಾ, "ಅಂದ್ರೆ ಎರಡು ವರ್ಷ ನಾವು ಟೀಚರ್ ಓಡಿಸಿದ ಜೀಪಲ್ಲಿ ಬಂದದ್ದು" ಎಂದ. ಯಾರಿಗೂ ನಗು ಬರಲಿಲ್ಲ. ಅವನಿಗೂ ಬರಲಿಲ್ಲ, ಅಭ್ಯಾಸಕ್ಕೆ ಹೇಳಿದ್ದು. ಅದ್ದುಚ್ಚ ಬಾನೆಟ್ಟಿನ ಮೇಲೆ ಕೈಯಿಟ್ಟು ಜೊತೆಗೆ ನಡೆದು ಬಂದರು. ಅಂಗಡಿಯ ಅಂಗಳದಲ್ಲಿ ನಿಲ್ಲಿಸಿದ ಮೇಲೆ ನನ್ನನ್ನು ನೋಡದೆ, "ಬಸ್ಸಿಗೆ ಹೋಗಿ ಟೀಚರೇ, ಲೇಟಾಯ್ತು" ಎಂದರು.

ಸಫಿಯ ಅವರನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದಳು. ಕಣ್ಣಿನೊಳಗಿನ ಒತ್ತಡ ಏರಿ ಬದಿಯ ನೋಟ ಪೂರ್ತಿ ಹೋಗಿದೆಯಂತೆ. ಬಿದಿರಿನ ಓಟೆಯಲ್ಲಿ ನೋಡಿದಷ್ಟೇ ಕಾಣುವುದು. ದೂರದ ಬಸ್ಸಿನ ಬೋರ್ಡು ಓದುತ್ತಾರೆ, ಪಕ್ಕದಲ್ಲಿ ನಿಂತವರು ಇಲ್ಲ. ಎರಡು ವರ್ಷ ಮೊದಲೇ ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಸಫಿಯ ಇದನ್ನು ನನಗೆ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿ ಇಟ್ಟಳು. ಎರಡು ವರ್ಷ. ನಾವು ಹರಟೆಯ ಹಾಗೆ ದಾರಿ ಹೇಳುತ್ತಿದ್ದದ್ದೂ ಅಷ್ಟೇ ಕಾಲ.

ಸುಂದರಿಯಕ್ಕನಿಗೆ ಸುದ್ದಿ ಮುಟ್ಟುವ ಮೊದಲು ನಾನೇ ಹೇಳಬೇಕೆಂದು ಜೀಪು ದೂಡಿದ ದಿನ ಸಂಜೆಯೇ ಹೋಗಿದ್ದೆ. ಮುಟ್ಟಿತ್ತು. ಜಗಲಿಯಲ್ಲಿ ಕೂತಿದ್ದರು. ಪ್ಲಾಸ್ಟರ್ ಬಿಚ್ಚಿದ್ದ ಕೈ ಮಡಿಲಲ್ಲಿ, ಒಣಗಿದ ಕೊಂಬೆಯ ಹಾಗೆ ತೆಳ್ಳಗೆ. ಎದುರಿಗೆ ಬೀಡಿ ಕಟ್ಟುವ ಮೊರ, ಖಾಲಿ.

"ಬಂದ್ರಾ. ಕೂತುಕೊಳ್ಳಿ. ಕೊಡೆ ಕಂಡದ್ದಾ ನಿಮಗೆ, ನಾನು ಕಂಡದ್ದಾ?"

"ನೀವೇ ಕಂಡದ್ದು."

"ಕೊಡೆ ಮಡಚಿದ್ದು?"

"ಕಂಡಿದೆ."

"ಮತ್ತೆ ನಾನು ಎಂತ, ಪರೀಕ್ಷೆಯ ಪೇಪರಾ?" ಎಂದರು. ಆಮೇಲೆ, ನಾನು ಆ ಊರಿಗೆ ಬಂದಂದಿನಿಂದ ಮೊದಲ ಸಲ, ನನ್ನನ್ನು ಏಕವಚನದಲ್ಲಿ ಕರೆದರು. "ಅದ್ದುಚ್ಚನಿಗೆ ಕಾಣುವುದಿಲ್ಲ ಅಂತ ನನಗೂ ಗೊತ್ತಿತ್ತು. ನೀನು ಹೇಳ್ತೀ ಅಂತ ನಾನು ಕಂಬಿಗೆ ಕೈ ಹಾಕುವುದು. ನನ್ನ ಹನ್ನೆರಡನೇ ವರ್ಷದಿಂದ ಈ ಬೆರಳಲ್ಲಿ ಕಟ್ಟಿದ್ದೇನೆ. ಸಾಕು ಅಂತ ಒಂದು ದಿನ ನಾನೇ ಹೇಳುವವಳು. ಅವರು ಬಿಡುವ ದಿನ ಬರಲಿ ಅಂತ ನೀವೆಲ್ಲ ಎರಡು ವರ್ಷ ಕಾದಿರಿ. ನನ್ನ ದಿನವನ್ನು ನೀನೊಬ್ಬಳೇ ತೆಗೆದಿ."

"ಹೋಗು" ಎಂದರು. ಎದ್ದು ಬಂದೆ.

ಹೇಳಿದರೆ ನಿದ್ದೆ ಬರುತ್ತದೆಂದು ಎಣಿಸಿದ್ದೆ. ಬರಲಿಲ್ಲ. ಮೊದಲು ಮಳೆಯ ಸದ್ದಿಗೆ ಏಳುತ್ತಿದ್ದವಳು ಈಗ ಸುಂದರಿಯಕ್ಕನ ಆ ಮಾತಿಗೂ ಏಳತೊಡಗಿದೆ.

ಒಂದು ತಿಂಗಳು ಕಳೆದು ಸುಂದರಿಯಕ್ಕ ಸಂಜೀವಣ್ಣನ ಹತ್ತಿರ ಹೇಳಿ ಕಳಿಸಿದರು: ಬೀಡಿ ಮತ್ತೆ ಶುರು ಮಾಡಿದ್ದೇನೆ, ಬುಟ್ಟಿ ಎತ್ತಲಿಕ್ಕೆ ಕೈ ಬಲ ಇಲ್ಲ, ಶನಿವಾರ ಟೀಚರಿಗೆ ರಜೆ ಉಂಟಲ್ಲ, ಬರಲಿ. ಹೋದೆ. ಬುಟ್ಟಿ ಕೊಟ್ಟರು, ನಾನು ಹೊತ್ತೆ, ಅವರು ಮುಂದೆ ನಡೆದರು. ಬ್ರಾಂಚಿನಲ್ಲಿ ಬೀಡಿ ನೋಡಿ ತೆಗೆದುಕೊಳ್ಳುವ ಗಿರೀಶ ಎಂಬ ಹುಡುಗಾಟದ ಮನುಷ್ಯ, ಮೂವತ್ತರವನು, ಕಟ್ಟುಗಳನ್ನು ಒತ್ತಿ ನೋಡಿ ಅರ್ಧಕ್ಕರ್ಧ ಬದಿಗೆ ಎಸೆದ.

"ಸುಂದರಿಯಕ್ಕಾ, ಇದು ಬೀಡಿಯಾ, ಬತ್ತಿಯಾ? ಎಲ್ಲ ಸಡಿಲ. ಇನ್ನು ಸಾಕು ಅಂತ ನೀವಾದ್ರೂ ಹೇಳಿ ಟೀಚರೇ."

ಸುಂದರಿಯಕ್ಕ ನನ್ನ ಕಡೆ ತಿರುಗಿದರು. "ಹೇಳಿ. ಎಂತ ಕಾಣ್ತದೆ ನಿಮಗೆ?"

ನಾನು ಒಂದು ಕಟ್ಟು ಎತ್ತಿ ನೋಡಿದೆ. "ಸಡಿಲ ಉಂಟು. ನೂಲು ಜಾರ್ತದೆ. ತುದಿ ಮಡಚಿದ್ದು ನಿಲ್ಲುವುದಿಲ್ಲ."

"ಮತ್ತೆ?"

"ಮತ್ತೆ ಎಂತ ಇಲ್ಲ. ಕಂಡದ್ದು ಅಷ್ಟೆ."

ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಬಿಸಾಡಿದ ಕಟ್ಟುಗಳನ್ನು ಅವರು ಎಡಗೈಯಲ್ಲಿ ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿದರು. "ಮುಂದಿನ ಶನಿವಾರ" ಎಂದರು.

ಹಾಗೆ ಎಷ್ಟೋ ಶನಿವಾರಗಳು. ಆ ಎರಡು ಬೆರಳು ಬಿಟ್ಟು ಉಳಿದ ಬೆರಳುಗಳಿಗೆ ಹೊಸದಾಗಿ ಕಲಿಸಿದರು. ಎಲೆಯನ್ನು ಎಡಗೈಯಲ್ಲಿ ಸುರುಟಿ, ನೂಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿಯುವರು. ನಾನು ಜಗಲಿಯ ತುದಿಯಲ್ಲಿ ಕಾಯುತ್ತಾ ನೋಡುತ್ತಿದ್ದೆ. ಪ್ರತಿ ವಾರ ಕೇಳುವರು, ಹೇಗುಂಟು ಎಂದು. ಕಂಡಹಾಗೆ ಹೇಳುತ್ತಿದ್ದೆ. 'ಪರವಾಗಿಲ್ಲ' ಎಂಬ ಮಾತನ್ನು ಅವರಿಗೆ ಒಮ್ಮೆಯೂ ಹೇಳಲಿಲ್ಲ. ಒಂದು ಶನಿವಾರ ದಾರಿಯಲ್ಲಿ ಅದ್ದುಚ್ಚ ಸಿಕ್ಕಿದರು. ಮಸೀದಿಯ ಕಡೆಗೆ ಮೊಮ್ಮಗಳ ಹೆಗಲು ಹಿಡಿದು ಬರುತ್ತಿದ್ದರು. ಸುಂದರಿಯಕ್ಕ ಸೀದಾ ಅವರ ಮುಖದೆದುರು ಹೋಗಿ ನಿಂತು, "ನಾನು ಸುಂದರಿ" ಎಂದರು.

"ಕಾಣ್ತದೆ. ಮುಂದೆ ನಿಂತರೆ ಕಾಣ್ತದೆ" ಎಂದರು ಅದ್ದುಚ್ಚ. ಮತ್ತೆ, "ಕೈ?"

"ಉಂಟು."

ಯಾರೂ ಯಾರಲ್ಲೂ ಕ್ಷಮೆ ಕೇಳಲಿಲ್ಲ. ಮುಂದೆ ನಡೆಯುವಾಗ ಸುಂದರಿಯಕ್ಕ, "ಎಷ್ಟು ಚಂದ ಇಸ್ತ್ರಿ ಹಾಕ್ತಾರೆ ಈಗಲೂ" ಎಂದರು, ತಮ್ಮಷ್ಟಕ್ಕೆ.

ದಶಂಬರದ ಎರಡನೆಯ ಶನಿವಾರ ಬ್ರಾಂಚಿನಲ್ಲಿ ಗಿರೀಶ ಕಟ್ಟುಗಳನ್ನು ಒತ್ತಿ ನೋಡಿದ, ಇನ್ನೊಮ್ಮೆ ನೋಡಿದ. ಒಂದನ್ನೂ ಬದಿಗೆ ಹಾಕಲಿಲ್ಲ. "ಎಂತ ಅಕ್ಕಾ, ತಂಗಿ ಕಟ್ಟಿದ್ದಾ?" ಎಂದು ತಮಾಷೆ ಮಾಡಿದ. ಸುಂದರಿಯಕ್ಕ ನನ್ನ ಕಡೆ ನೋಡಿದರು.

"ಬಿಗಿ ಉಂಟು. ಎಲ್ಲವೂ" ಎಂದೆ.

ಅವರು ಸೊಂಟದಿಂದ ಲೆಕ್ಕ ಬರೆಸುವ ಬೀಡಿಯ ಪುಸ್ತಕ ತೆಗೆದು ಗಿರೀಶನ ಎದುರಿಗಿಟ್ಟರು. "ಇದನ್ನು ತೆಗೆದಿಡು. ನನ್ನದು ಇವತ್ತಿಗೆ ಮುಗೀತು."

"ಯಾಕಕ್ಕಾ? ಇವತ್ತು ಎಲ್ಲ ಪಾಸ್ ಮಾಡಿದ್ದೇನಲ್ಲ, ಎಂತ ಹೇಳ್ಲಿಲ್ಲ ನಾನು!"

"ಅದಕ್ಕೇ."

ಗಿರೀಶ ನನ್ನ ಮುಖ ನೋಡಿದ. ನಾನು ಸುಂದರಿಯಕ್ಕನನ್ನು ನೋಡುತ್ತಿದ್ದೆ. ಅವರು ಸೆರಗಿನಿಂದ ಎರಡೂ ಕೈ ಒರೆಸಿಕೊಂಡರು, ಹೊಗೆಸೊಪ್ಪಿನ ಹುಡಿ ಹೋಗುವಂತೆ, ಬೆರಳು ಬೆರಳಿನ ಸಂದಿಯನ್ನೂ. ಮಡಚಲಾಗದ ಆ ಎರಡನ್ನು ಕೊನೆಗೆ ಒರೆಸಿದರು. ದಾರಿಯಲ್ಲಿ ಖಾಲಿ ಬುಟ್ಟಿಯನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡರು.

"ನಿಮ್ಮ ಮೇಲಿನ ಕೋಪ ಹೋಗಿದೆ ಅಂತ ಎಣಿಸಬೇಡಿ."

"ಇಲ್ಲ."

"ಮುಂದಿನ ವಾರ ಬರುವುದು ಬೇಡ. ಬುಟ್ಟಿ ಇಲ್ಲ." ಗೇಟಿನ ಹತ್ತಿರ ನಿಂತು ಮತ್ತೆ ಹೇಳಿದರು: "ನಾನೇ ಹೇಳಿದ್ದು. ನೀವು ಕೇಳಿದ್ದೀರಲ್ಲ?"

"ಕೇಳಿದ್ದೇನೆ. ನೀವೇ ಹೇಳಿದ್ದು."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಮನೆಗೆ ಬಂದು ಗಂಜಿ ಉಂಡು ಬೇಗ ಮಲಗಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು. ಭಾನುವಾರದ ಏಳು ಗಂಟೆಯ ಪೂಜೆ ಮುಗಿಸಿ ಇಗರ್ಜಿಯಿಂದ ಬಂದಿದ್ದ ವಲೇರಿಯನ್ ಅಂಗಳದಲ್ಲಿ ನೆನೆದ ಬಟ್ಟೆಗಳನ್ನು ಒಂದೊಂದಾಗಿ ಹಿಂಡುತ್ತಿದ್ದ. ಹಗ್ಗದಲ್ಲೇ ಬಿಟ್ಟದ್ದಂತೆ. ರಾತ್ರಿ ಅಕಾಲದಲ್ಲಿ ಜೋರು ಮಳೆ ಬಂದಿತ್ತಂತೆ, ಹಂಚು ಒಡೆಯುವ ಹಾಗೆ. ನನಗೆ ಕೇಳಿಸಿರಲಿಲ್ಲ.